ನಡಿಗೆ ಬಿಟ್ಟು ಕಾರು ಹತ್ತಿದವರು

"ಉಸ್ತಾದ್, ನೀವು ಪೇಪರಿಗೆ ಬರೀತೀರಲ್ಲ, ಇದನ್ನೊಂದು ಬರೀಬೇಕು. ನನ್ನ ಹೆಸರು ಬೇಡ. ಹಾಕದಿದ್ದರೂ ಊರಿನವರಿಗೆ ಗೊತ್ತಾಗ್ತದೆ. ಗೊತ್ತಾಗಲಿ ಅಂತಲೇ ಹೇಳುವುದು."

ಕಳೆದ ಜನವರಿಯಲ್ಲಿ ಒಂದು ಸಂಜೆ ಅವನ ಮನೆಯ ಸಿಟೌಟಿನಲ್ಲಿ ಸುಲೈಮಾನಿ ಕುಡಿಯುತ್ತಾ ಕೂತಿದ್ದಾಗ ಹೀಗೆ ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ನಾನು ಮದ್ರಸಕ್ಕೆ ಸೇರಿದ ಹೊಸತರಲ್ಲಿ ಐದನೇ ತರಗತಿಯಲ್ಲಿದ್ದ. ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. ಹೆಂಡತಿಯೊಂದಿಗೆ ರಜೆಯಲ್ಲಿ ಬಂದಿದ್ದ. ಅವರಿಬ್ಬರೂ 2024ರಲ್ಲಿ ಮಾಡಿದ ಒಂದು ನಡಿಗೆ, ಆ ನಡಿಗೆಯನ್ನು ಅರ್ಧಕ್ಕೆ ಬಿಟ್ಟದ್ದು, ಬಿಟ್ಟ ಮೇಲೆ ಬಾಡಿಗೆ ಕಾರಿನಲ್ಲಿ ಆ ದೇಶವನ್ನು ಅಡ್ಡಕ್ಕೆ ದಾಟಿದ್ದು – ಇದು ನಮ್ಮ ಮೊಹಲ್ಲಾದಲ್ಲಿ ಎಲ್ಲರ ಬಾಯಲ್ಲೂ ಬಂದುಹೋದ ಸುದ್ದಿ. ಆದರೆ ಬಂದ ಸುದ್ದಿ ಸರಿಯಿರಲಿಲ್ಲ.

ಮೊದಲು ಆ ನಡಿಗೆ ಎಂತದ್ದು ಅಂತ ಹೇಳಬೇಕು. ನಮಗೆ ಪಶ್ಚಿಮ ಘಟ್ಟ ಹೇಗೋ, ಅಮೆರಿಕದ ಪೂರ್ವಕ್ಕೆ ಅಪಲೇಚಿಯನ್ ಬೆಟ್ಟಸಾಲು ಹಾಗೆ. ಅದರ ನೆತ್ತಿಯ ಮೇಲೆಯೇ ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದ ತನಕ ಒಂದು ಕಾಲುದಾರಿ ಉಂಟು. 14 ರಾಜ್ಯ, ಸುಮಾರು 3,500 ಕಿಲೋಮೀಟರ್. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ನಡೆದಷ್ಟಾಯಿತು, ಅದೂ ಹತ್ತುತ್ತಾ ಇಳಿಯುತ್ತಾ. ಬೆಂಟನ್ ಮೆಕೈ ಎಂಬವರು 1921ರಲ್ಲಿ ಇಂಥದೊಂದು ದಾರಿ ಬೇಕೆಂದು ಬರೆದರು, 1937ರಲ್ಲಿ ದಾರಿ ಪೂರ್ತಿಯಾಯಿತು. ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಅದನ್ನು ನೋಡಿಕೊಂಡು ಹೋಗುವುದು. ಒಂದೇ ಉಸಿರಿಗೆ ಪೂರ್ತಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು. ಹೊರಟ ನಾಲ್ವರಲ್ಲಿ ಒಬ್ಬರಷ್ಟೇ ಮುಟ್ಟುವುದು.

"ನಡೆದರೆ ಎಂತ ಸಿಗ್ತದೆ?" ಅಂತ ನಾನು ಕೇಳಿದೆ. "ಏನೂ ಸಿಗುವುದಿಲ್ಲ ಉಸ್ತಾದ್" ಎಂದ.

ಆದರೆ ಅವರು ಹೊರಟದ್ದಕ್ಕೆ ಕಾರಣ ಇತ್ತು. ಅವನ ನಿಕಾಹ್ ಆದದ್ದು 2012ರಲ್ಲಿ. ಆಗ ದಮ್ಮಾಮಿನಲ್ಲಿದ್ದ. ನಲವತ್ತೈದು ದಿನ ರಜೆ, ಮತ್ತೆ ಎರಡು ವರ್ಷ ಇಲ್ಲ. ಹುಡುಗಿ ಅತ್ತೆ ಮನೆಯಲ್ಲಿ. ಇದು ನಮ್ಮ ಓದುಗರಿಗೆ ವಿವರಿಸಿ ಹೇಳುವ ವಿಷಯವೇ ಅಲ್ಲ. 2016ರಲ್ಲಿ ಇಬ್ಬರೂ ಅಮೆರಿಕಕ್ಕೆ ಹೋದರು. ಅವಳು ಹುಟ್ಟಿದ್ದು ಸೌದಿಯ ಜುಬೈಲಿನಲ್ಲಿ. ಹುಟ್ಟಿದ ದೇಶದ ಲೆಕ್ಕದಲ್ಲಿ ಸರದಿ ಸಿಗುವುದರಿಂದ, ನಮ್ಮವರು ವರ್ಷಗಟ್ಟಲೆ ಕಾಯುವ ಗ್ರೀನ್ ಕಾರ್ಡ್ ಅವಳ ದೆಸೆಯಿಂದ ಇಬ್ಬರಿಗೂ ಬೇಗ ಬಂತು. ಅಲ್ಲಿಯಾದರೂ ಒಟ್ಟಿಗೆ ಇದ್ದರೋ ಅಂದರೆ, ಅವನಿಗೆ ಸೋಮವಾರ ವಿಮಾನ ಹತ್ತಿ ಗಿರಾಕಿ ಕಂಪೆನಿಯ ಊರಿಗೆ ಹೋಗಿ ಗುರುವಾರ ರಾತ್ರಿ ಮನೆಗೆ ಬರುವ ಕೆಲಸ. 2024ರ ಆರಂಭದಲ್ಲಿ ಆ ಕೆಲಸ ಹೋಯಿತು. ಕಂಪೆನಿಯವರು ಕೈಗಿಷ್ಟು ಹಣ ಕೊಟ್ಟು ಕಳಿಸಿದರು. ಆಗ ಅವಳೇ ಅಂದದ್ದಂತೆ – ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಒಂದು ತಿಂಗಳು ಪೂರ್ತಿ ಒಟ್ಟಿಗೆ ಇದ್ದದ್ದು ಯಾವಾಗ, ಲೆಕ್ಕ ಹೇಳಿ ನೋಡುವಾ.

ಬಾಡಿಗೆ ಮನೆ ಖಾಲಿ ಮಾಡಿದರು. ಸಾಮಾನೆಲ್ಲ ಒಂದು ಗೋದಾಮಿನಲ್ಲಿಟ್ಟರು. ಏಪ್ರಿಲ್ 10ಕ್ಕೆ ಪೆರ್ನಾಳ್ ಮುಗಿಸಿ, 15ಕ್ಕೆ ಸ್ಪ್ರಿಂಗರ್ ಬೆಟ್ಟದಿಂದ ಹೊರಟರು. ಬೆನ್ನಿಗೆ ಹದಿನೈದು ಕಿಲೋ: ಡೇರೆ, ಮಲಗುವ ಚೀಲ, ನೀರು ಸೋಸುವ ಸಾಧನ, ಐದು ದಿನದ ತಿನಿಸು. ತಿನಿಸೆಂದರೆ ಟ್ಯೂನ ಮೀನಿನ ಪೊಟ್ಟಣ, ನೆಲಗಡಲೆ ಬೆಣ್ಣೆ, ಮೆಕ್ಸಿಕೋದವರ ರೊಟ್ಟಿ, ಮನೆಯಲ್ಲೇ ಒಣಗಿಸಿಕೊಂಡು ಹೋದ ಬೇಳೆ. ರಾತ್ರಿ ಅದನ್ನು ಚೀಲಕ್ಕೆ ತುಂಬಿಸಿ ಎತ್ತರದ ಕೊಂಬೆಗೆ ನೇತು ಹಾಕಬೇಕು, ಇಲ್ಲವಾದರೆ ಕರಡಿ ಬರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಮೂರೇ ಗೋಡೆಯ ಮರದ ಕೊಟ್ಟಿಗೆಗಳಿವೆ, ಮಳೆ ಬಂದರೆ ಅದರೊಳಗೆ. ನಮಾಝ್ ಜಂಉ ಮತ್ತು ಕಸ್ರ್. ಮೊಬೈಲಿನ ದಿಕ್ಸೂಚಿ ಕೆಲಸ ಮಾಡುತ್ತಿತ್ತು, ಜಾಗವೇ ಸಮ ಸಿಗುತ್ತಿರಲಿಲ್ಲ. "ಸುಜೂದಿಗೆ ಹೋದರೆ ಹಣೆ ಕೆಳಗೆ, ಕಾಲು ಮೇಲೆ" ಅಂತ ನಕ್ಕ.

ಮೊದಲ ಎರಡು ವಾರ ಜಾರ್ಜಿಯಾದ ಇಳಿಜಾರಿನಲ್ಲಿ ಅವಳ ಮಂಡಿ ಬಾತುಕೊಂಡದ್ದು ನಿಜ. ಒಂದು ಪಟ್ಟಿ ಕಟ್ಟಿಕೊಂಡಳು, ಊರುಗೋಲು ಎರಡು ಮಾಡಿಕೊಂಡಳು, ವಾಸಿಯಾಯಿತು. ಈ ಮಾತು ನೆನಪಿಡಿ.

ಸ್ಮೋಕಿ ಬೆಟ್ಟಗಳಲ್ಲಿ, ಈ ದಾರಿಯ ಅತಿ ಎತ್ತರದ ಜಾಗ, 2,025 ಮೀಟರ್, ದಾಟುವ ಹೊತ್ತಿಗೆ ಅವನ ಎಡಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ತಡೆಯುತ್ತದೆ, ಸಂಜೆಗೆ ಮತ್ತೆ ಅದೇ. ಹೆಂಡತಿಗೆ ಹೇಳಲಿಲ್ಲ. ನೋವಿನ ಮಾತ್ರೆ ನುಂಗಿ, ಬೇಕಂತಲೇ ಬೇಗ ಬೇಗ ನಡೆದು ಮುಂದೆ ಹೋಗುತ್ತಿದ್ದ – ಕುಂಟುವುದು ಅವಳಿಗೆ ಕಾಣದಿರಲಿ ಅಂತ. ಅವಳಿಗೆ ತಿಳಿದದ್ದು ಬೇರೆ: ಇವರಿಗೆ ನನ್ನೊಟ್ಟಿಗೆ ನಡೆಯಲಿಕ್ಕೂ ಪುರುಸೊತ್ತಿಲ್ಲ. ಒಟ್ಟಿಗೆ ಇರಲಿಕ್ಕೆ ಹೋದವರು, ದಿನವಿಡೀ ಅರ್ಧ ಕಿಲೋಮೀಟರ್ ಅಂತರದಲ್ಲಿ, ಮಾತಿಲ್ಲದೆ ನಡೆದರು.

ವರ್ಜೀನಿಯಾ ರಾಜ್ಯದಲ್ಲಿ ಕಾಲಿಟ್ಟರೆ ಈ ದಾರಿ ಮುಗಿಯುವುದೇ ಇಲ್ಲ. ಒಟ್ಟು ದೂರದ ಕಾಲು ಭಾಗ ಆ ಒಂದೇ ರಾಜ್ಯದಲ್ಲಿ. ಮಳೆ, ಹಸಿರು, ಮತ್ತೆ ಮಳೆ, ಮತ್ತೆ ಅದೇ ಹಸಿರು. ಅಲ್ಲಿ ನಡೆಯುವವರಿಗೆ ಬರುವ ಬೇಸರಕ್ಕೆ ಒಂದು ಹೆಸರೇ ಇದೆ. ಆ ರಾಜ್ಯದ ಮೊದಲ ಊರು ಡಮಾಸ್ಕಸ್. ನಾನು ಥಟ್ಟನೆ "ದಿಮಿಷ್ಕ್?" ಎಂದೆ. ಹೌದು, ಶಾಮಿನ ದಿಮಿಷ್ಕಿನ ಹೆಸರೇ. ಪುಟ್ಟ ಊರು, ಕಾಲುದಾರಿ ಊರಿನ ಬೀದಿಯ ನಡುವೆಯೇ ಹೋಗುತ್ತದೆ. ಇವರು ಅಲ್ಲಿ ಎರಡು ದಿನ ತಂಗಿದ್ದರು. ಅದೇ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದು ಆ ಊರಿಗೆ ನೆರೆ ನುಗ್ಗಿತು, ದಾರಿಯ ಎಷ್ಟೋ ಭಾಗ ಮರ ಬಿದ್ದು ಮುಚ್ಚಿಹೋಯಿತು.

ಜೂನ್ ನಡುವಿಗೆ ಡೇಲ್‌ವಿಲ್ ಎಂಬಲ್ಲಿಗೆ ಮುಟ್ಟಿದರು. ಅಲ್ಲಿ ಕಾಲುದಾರಿ ಹೆದ್ದಾರಿಯನ್ನು ಅಡ್ಡ ದಾಟುತ್ತದೆ, ಪಕ್ಕದಲ್ಲೇ ವಸತಿಗೃಹಗಳಿವೆ. ಆಗಲೇ ನಡೆದದ್ದು ಸುಮಾರು 1,170 ಕಿಲೋಮೀಟರ್, ಮೂರರಲ್ಲಿ ಒಂದು ಪಾಲು. 16ನೇ ತಾರೀಕು ಬಕ್ರೀದ್. ಟ್ಯಾಕ್ಸಿ ಹಿಡಿದು ಹತ್ತಿರದ ರೋನೋಕ್ ನಗರದ ಮಸೀದಿಗೆ ಹೋದರು. ನಮಾಝ್ ಮುಗಿಸಿ ಹೊರಗೆ ಬಂದು ಶೂ ಹಾಕಲು ಬಗ್ಗಿದವನಿಗೆ ಎಡಗಾಲು ಊರಲಿಕ್ಕೆ ಆಗಲಿಲ್ಲ. ಮೆಟ್ಟಲಿನಲ್ಲೇ ಕೂತುಬಿಟ್ಟ. ಅವಳು ಆ ಕಡೆಯ ಬಾಗಿಲಿನಿಂದ ಬಂದು ನೋಡಿದಳು. ಎಷ್ಟು ದಿನ ಆಯಿತು ಅಂತ ಕೇಳಿದಳು. "ಐದಾರು ವಾರ" ಎಂದ.

ನಡಿಗೆ ನಿಂತದ್ದು ಅಲ್ಲಿ.

ಆ ರಾತ್ರಿ ಅವನು ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದ: ಅವಳ ಮಂಡಿ ನೋವು ಜಾಸ್ತಿಯಾಗಿದೆ, ನಡಿಗೆ ನಿಲ್ಲಿಸುತ್ತಿದ್ದೇವೆ, ದುಆ ಮಾಡಿ. ಯಾಕೆ ಹಾಗೆ ಬರೆದೆ ಅಂತ ಕೇಳಿದರೆ ಅವನಲ್ಲಿ ಉತ್ತರವಿಲ್ಲ. "ಬೆರಳು ಅದನ್ನೇ ಬರೆಯಿತು ಉಸ್ತಾದ್." ಹೊರಡುವಾಗ ಫೋಟೋ ಹಾಕಿದ್ದ, ಚಿಕ್ಕಪ್ಪಂದಿರು ಮಾಷಾ ಅಲ್ಲಾಹ್ ಅಂದಿದ್ದರು, ಗೆಳೆಯರು ನೂರಾರು ಜನರಿಗೆ ಕಳಿಸಿದ್ದರು. ಮೂರನೇ ಒಂದಕ್ಕೆ ಬಿಟ್ಟೆ ಅನ್ನಲು ನಾಲಿಗೆ ಬರಲಿಲ್ಲ.

ಆ ಸುದ್ದಿ ನನಗೂ ಮುಟ್ಟಿತ್ತು. ಮದ್ರಸದ ಗೇಟಿನ ಹತ್ತಿರ ಯಾರೋ ಹೇಳಿದಾಗ "ಹೆಂಗಸರನ್ನು ಕಟ್ಟಿಕೊಂಡು ಹೋದರೆ ಹಾಗೆಯೇ ಆಗುವುದು" ಅಂದವನು ನಾನೇ. ಅದನ್ನೂ ಇಲ್ಲಿ ಬರೆಯದಿದ್ದರೆ ಆಗಲಿಕ್ಕಿಲ್ಲ.

ಮರುದಿನ ಎತ್ತ ಹೋಗುವುದು? ನ್ಯೂಜೆರ್ಸಿಯಲ್ಲಿ ಮನೆ ಇಲ್ಲ, ಹೋದರೆ ಗೆಳೆಯರ ಮುಖ ನೋಡಬೇಕು. ಅವಳೇ ಹೇಳಿದಳು, ಪಶ್ಚಿಮಕ್ಕೆ ಹೋಗುವಾ. ನಮ್ಮ ಊರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಉಳ್ಳಾಲ, ಪಣಂಬೂರು, ಸುರತ್ಕಲ್ ಎಲ್ಲಿ ನಿಂತರೂ ಸಂಜೆ ಅದನ್ನು ನೋಡಬಹುದು. ನ್ಯೂಜೆರ್ಸಿ ಪೂರ್ವ ಕರಾವಳಿ, ಅಲ್ಲಿ ಕಡಲಿನಿಂದ ಸೂರ್ಯ ಏಳುತ್ತಾನೆ. ಎಂಟು ವರ್ಷದಿಂದ ಅವಳಿಗೆ ಇದೊಂದು ಕೊರತೆ. ರೋನೋಕಿನಲ್ಲಿ ಕಾರು ಹಿಡಿದರು. ಲಾಸ್ ಏಂಜಲೀಸಿನಲ್ಲಿ ವಾಪಸು ಕೊಡುವುದಾದರೆ ಬೇರೆಯೇ ದರ, ಅದು ಚೆನ್ನಾಗಿ ಚುರುಕು ಮುಟ್ಟಿಸಿತು ಅಂದ.

ಕಾರು ಮೊದಲು ಹೋದದ್ದು ತೆಂಕು–ಪಡುವಣಕ್ಕೆ, ಅಂದರೆ ಅವರು ನಡೆದು ಬಂದ ದಿಕ್ಕಿಗೇ ಹಿಂದಕ್ಕೆ. 81ನೇ ಹೆದ್ದಾರಿ ಆ ಬೆಟ್ಟಸಾಲಿನ ಬದಿಯಲ್ಲೇ ಓಡುತ್ತದೆ. ಆಟ್ಕಿನ್ಸ್ ಎಂಬಲ್ಲಿ ಕಾಲುದಾರಿ ಈ ಹೆದ್ದಾರಿಯನ್ನು ದಾಟುತ್ತದೆ. ಆ ಜಾಗ ಬಂದಾಗ ಇಬ್ಬರೂ ಕತ್ತು ತಿರುಗಿಸಿ ನೋಡಿದರು. ಡಮಾಸ್ಕಸಿನಿಂದ ಡೇಲ್‌ವಿಲ್‌ಗೆ ನಡೆಯಲು ಮೂರು ವಾರ ಬೇಕಾಗಿತ್ತು. ಕಾರಿಗೆ ಎರಡೇ ಗಂಟೆ. "ಅವಾಗ ಮಾತ್ರ ಅಳು ಬಂತು" ಎಂದಳು ಅವಳು. ಇಷ್ಟು ಹೊತ್ತೂ ಒಳಬಾಗಿಲ ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳು ಬಾಯಿ ತೆರೆದದ್ದು ಅಲ್ಲಿಂದ. ಮುಂದಿನದನ್ನು ಹೆಚ್ಚಾಗಿ ಅವಳೇ ಹೇಳಿದಳು.

ಟೆನೆಸ್ಸಿಯಲ್ಲಿ 40ನೇ ಹೆದ್ದಾರಿ ಹಿಡಿದರೆ ಕ್ಯಾಲಿಫೋರ್ನಿಯಾದ ತನಕ ಅದೊಂದೇ ಸಾಕು. ಓಡಿಸಿದ್ದು ಮೂರರಲ್ಲಿ ಎರಡು ಪಾಲು ಅವಳೇ. ನ್ಯಾಶ್‌ವಿಲ್ ದಾಟುವ ಮೊದಲು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮೊಬೈಲ್ ನೋಡಿದಳು. ನಾದಿನಿ, ಚಿಕ್ಕಮ್ಮ, ಅಕ್ಕಪಕ್ಕದವರು ಎಲ್ಲರ ಸಂದೇಶ: ಮಂಡಿ ಹೇಗಿದೆ, ಮಂಡಿಗೆ ಈ ಎಣ್ಣೆ ಹಚ್ಚು, ತೂಕ ಇಳಿಸು, ಪಾಪ ಅವನಿಗೆ ಎಷ್ಟು ಆಸೆಯಿತ್ತು. ಮೇಲೆ ಹೋಗಿ ಗಂಡ ಹಾಕಿದ ಸಾಲು ಓದಿದಳು. ಮಾತಾಡಲಿಲ್ಲ. ಸ್ಟೇರಿಂಗ್ ಹಿಡಿದು ಕೂತಳು.

ಮೆಂಫಿಸಿನಲ್ಲಿ ಮಿಸ್ಸಿಸಿಪ್ಪಿ ನದಿ ದಾಟಿದರು. ಅದೂ ಮಿಸ್ರಿನ ಹಳೆಯ ಪಟ್ಟಣದ ಹೆಸರು, ಈ ಅಮೆರಿಕದವರಿಗೆ ನಮ್ಮ ಕಡೆಯ ಹೆಸರುಗಳೆಂದರೆ ಎಷ್ಟು ಪ್ರೀತಿಯೋ. ನೇತ್ರಾವತಿಯನ್ನು ನಾಲ್ಕೈದು ಸಲ ಒಟ್ಟಿಗಿಟ್ಟಷ್ಟು ಅಗಲ ಅಂತ ಅವನು ಹೇಳಿದ್ದಕ್ಕೂ ಅವಳು ಹೂಂ ಅನ್ನಲಿಲ್ಲ. ಅರ್ಕಾನ್ಸಾ ಪೂರ್ತಿ ಮೌನ. ಅವನಿಗೆ ನಡಿಗೆ ನಿಂತ ಬೇಸರ ಇರಬಹುದು ಅಂತ ಅನಿಸಿತ್ತು. ಒಕ್ಲಹಾಮಾದಲ್ಲಿ ಒಂದು ಕಡೆ ಕಾರನ್ನು ಬದಿಗೆ ಹಾಕಿದಳು. ಹೇಳಿದ್ದು ಇಷ್ಟು:

"ಮಕ್ಕಳಾಗದ್ದಕ್ಕೆ ಹನ್ನೆರಡು ವರ್ಷದಿಂದ ಊರು ನನ್ನ ಮುಖ ನೋಡ್ತಾ ಉಂಟು. ಡಾಕ್ಟರು ಏನು ಹೇಳಿದ್ದಾರೆ ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಅದಕ್ಕೆ ನಾನು ಬಾಯಿ ತೆರೆದದ್ದುಂಟಾ? ಈಗ ಇದಕ್ಕೂ ನನ್ನ ಕಾಲೇ ಬೇಕಿತ್ತಾ?"

ಸಿಟೌಟಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ತಲೆ ತಗ್ಗಿಸಿ ಗ್ಲಾಸು ನೋಡುತ್ತಾ ಕೂತೆ. ಇದನ್ನು ಬರೆಯಬಹುದಾ ಅಂತ ಆಮೇಲೆ ಅವಳಲ್ಲಿ ಬೇರೆಯಾಗಿ ಕೇಳಿದ್ದೇನೆ. ಬರೆಯಿರಿ, ಅದನ್ನು ಬಿಟ್ಟು ಬರೆಯುವುದಾದರೆ ಬೇಡ ಎಂದಿದ್ದಾಳೆ.

ಆ ದಿನ ಅವನು ತಪ್ಪಾಯಿತು ಅಂದನಂತೆ. ಆದರೆ ಗುಂಪಿಗೆ ತಿದ್ದಿ ಹಾಕಲಿಲ್ಲ.

ಟೆಕ್ಸಾಸಿನ ಬಯಲು, ನ್ಯೂಮೆಕ್ಸಿಕೋದ ಕೆಂಪು ಮಣ್ಣು ಎಲ್ಲ ಕಳೆದು ಅರಿಝೋನಾದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಬಂದರು. ಕೊಲರಾಡೋ ನದಿ ಕೊರೆದ ಕಮರಿ, ಒಂದೂವರೆ ಕಿಲೋಮೀಟರಿಗಿಂತಲೂ ಹೆಚ್ಚು ಆಳ. ಅಂಚಿನಿಂದ ಬ್ರೈಟ್ ಏಂಜಲ್ ಎಂಬ ಕಾಲುದಾರಿ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಹೋಗಿ ಬರಬೇಕು, ಒಂದೇ ದಿನದಲ್ಲಿ ತಳ ಮುಟ್ಟಿ ಮೇಲೆ ಬರುವ ಸಾಹಸ ಬೇಡ ಅಂತ ಅಲ್ಲೇ ಬೋರ್ಡು ಹಾಕಿದ್ದಾರೆ. ಅವನಿಗೆ ಇಳಿಯಲಿಕ್ಕಾಗುವುದಿಲ್ಲ. ಅವಳು ಸುಬಹಿ ಮುಗಿಸಿ, ಎರಡು ಬಾಟಲಿ ನೀರು ಹಿಡಿದು, ಮೊದಲ ತಂಗುಕಟ್ಟೆಯ ತನಕ ಹೋಗಿ ಬಂದಳು. ಎರಡೂ ಕಡೆ ಸೇರಿ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅವನು ಅಂಚಿನಲ್ಲಿ ಕಲ್ಲಿನ ಮೇಲೆ ಕೂತು ಕಾದ. ಒಂದು ಚುಕ್ಕಿಯ ಹಾಗೆ ಕಾಣುತ್ತಿದ್ದವಳು ತಿರುವಿನಲ್ಲಿ ಮರೆಯಾದಳು.

"ಎರಡು ತಿಂಗಳು ನಾನು ಮುಂದೆ ಹೋಗಿ ಕಾದಿದ್ದೆ ಉಸ್ತಾದ್. ಆದರೆ ಅದು ಕಾಯುವುದಲ್ಲ, ಕಾಲಿಗೆ ರೆಸ್ಟ್ ಕೊಡುವುದು. ಅವಳು ಬಂದ ಕೂಡಲೇ ಎದ್ದು ಹೊರಡುತ್ತಿದ್ದೆ. ಅವಳಿಗೆ ಒಂದು ದಿನ ಕೂಡಾ ಕೂತುಕೊಳ್ಳಲಿಕ್ಕೆ ಸಿಗಲಿಲ್ಲ ಅಂತ ಅಲ್ಲಿ ಕೂತಾಗ ಗೊತ್ತಾದದ್ದು."

ಆ ರಾತ್ರಿ ಉಮ್ಮನಿಗೆ ಫೋನ್ ಮಾಡಿ ನಿಜ ಹೇಳಿದ. ಹಿಮ್ಮಡಿಯದ್ದು ಮಾತ್ರವಲ್ಲ, ಡಾಕ್ಟರು ಹೇಳಿದ್ದನ್ನೂ. ಉಮ್ಮ ತುಂಬ ಹೊತ್ತು ಏನೂ ಹೇಳಲಿಲ್ಲವಂತೆ. ಆಮೇಲೆ "ಅವಳಿಗೆ ಕೊಡು" ಅಂದರು. ಅತ್ತೆ ಸೊಸೆ ಏನು ಮಾತಾಡಿದರೋ, ಅದನ್ನು ಅವಳು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅಲ್ಲಿಂದ ದಕ್ಷಿಣಕ್ಕಿಳಿದು 10ನೇ ಹೆದ್ದಾರಿ ಹಿಡಿದರು. ಅರಿಝೋನಾ ಮುಗಿಯುವ ಮೊದಲು ಕ್ವಾರ್ಟ್ಸ್‌ಸೈಟ್ ಎಂಬ ಮರಳುಗಾಡಿನ ಊರು. ಅಲ್ಲಿಯ ಕಬರಸ್ಥಾನದಲ್ಲಿ ಕಲ್ಲಿನ ಒಂದು ಪಿರಮಿಡ್, ತುದಿಯಲ್ಲಿ ಲೋಹದ ಒಂಟೆ. ಅದು ಹಾಜಿ ಅಲಿ ಎಂಬವರ ಸಮಾಧಿ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರಳುಗಾಡಿನಲ್ಲಿ ಸಾಮಾನು ಹೊರಿಸಲು ಒಂಟೆ ತರಿಸಿತು. ಒಂಟೆ ಬಂದರೆ ಸಾಕೇ, ಪಳಗಿಸುವವರು ಬೇಡವೇ? ಉಸ್ಮಾನಿಯಾ ಸಾಮ್ರಾಜ್ಯದ ಕಡೆಯಿಂದ ಕೆಲವರನ್ನು ಕರೆತಂದರು, ಅವರಲ್ಲಿ ಇವರೊಬ್ಬರು. 1857ರಲ್ಲಿ ಬೀಲ್ ಎಂಬ ಅಧಿಕಾರಿ ಆ ಒಂಟೆಗಳನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊಸ ಗಾಡಿದಾರಿ ಗುರುತಿಸಿದರು. ಇವರು ಕಾರಿನಲ್ಲಿ ಬಂದ 40ನೇ ಹೆದ್ದಾರಿಯ ನ್ಯೂಮೆಕ್ಸಿಕೋ, ಅರಿಝೋನಾ ಭಾಗ ಬಹುಮಟ್ಟಿಗೆ ಆ ದಾರಿಯ ಜಾಡಿನಲ್ಲೇ ಇದೆ. ಅಂತರ್ಯುದ್ಧ ಬಂದಾಗ ಒಂಟೆ ಯಾರಿಗೂ ಬೇಡವಾಯಿತು. ಕೆಲವನ್ನು ಮಾರಿದರು, ಕೆಲವು ಕಾಡುಪಾಲಾದವು. ಹಾಜಿ ಅಲಿ ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡರು. ಅಮೆರಿಕದವರ ನಾಲಿಗೆಗೆ "ಹಾಜಿ ಅಲಿ" ಹೊರಳದೆ "ಹೈ ಜಾಲಿ" ಆಯಿತು. ಸಮಾಧಿಯ ಮೇಲೂ ಅದೇ ಹೆಸರು ಕೆತ್ತಿದ್ದಾರೆ. ಅಬ್ದುಲ್ ಖಾದರನ್ನು ಅದ್ದು ಮಾಡಿದ ನಾವು ಅವರಿಗೆ ಏನು ಹೇಳುವುದು!

45 ಡಿಗ್ರಿ ಬಿಸಿಲಿನಲ್ಲಿ ಅಲ್ಲಿ ನಿಂತು ಫಾತಿಹಾ ಓದಿದರು. ಹೊರಟ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಕಾ ಎಂಬ ಊರಿನ ಫಲಕ ಕಂಡಿತಂತೆ. ಸುತ್ತ ಖರ್ಜೂರದ ತೋಟ. ಅಮೆರಿಕದಲ್ಲಿ ಬೆಳೆಯುವ ಖರ್ಜೂರದ ಬಹುಪಾಲು ಆ ಕಣಿವೆಯದ್ದೇ. ಅಲ್ಲಿಯ ಮೆಜ್ದೂಲ್ ತಳಿಯ ಮೂಲ, 1927ರಲ್ಲಿ ಮೊರಾಕ್ಕೋದಿಂದ ತಂದ ಹನ್ನೊಂದು ಕಂದುಗಳು. ಬದುಕಿದ್ದು ಒಂಬತ್ತು. ಒಂದು ಪೆಟ್ಟಿಗೆ ನನಗೂ ತಂದಿದ್ದರು, ಮದ್ರಸದ ಮಕ್ಕಳಿಗೆ ಹಂಚಿ ಮುಗಿಯಿತು.

ಇಪ್ಪತ್ತೆರಡನೇ ದಿನ ಶಾಂತಸಾಗರದ ದಡಕ್ಕೆ ಮುಟ್ಟಿದರು. ಸೂರ್ಯ ಕಡಲಿಗೆ ಇಳಿದನೋ ಅಂತ ಕೇಳಿದೆ. "ಮೋಡ ಇತ್ತು ಉಸ್ತಾದ್, ಕಾಣಲಿಲ್ಲ" ಎಂದಳು. ಮರುದಿನವೂ ನಿಂತರು, ಆ ದಿನ ಕಂಡಿತು.

ಈ ಮಾತೆಲ್ಲ ಆಗುವಾಗ ಅವನ ಬಾಪ ಅಲ್ಲೇ ಈಸಿ ಚೇರಿನಲ್ಲಿದ್ದರು. ಇಪ್ಪತ್ತೆಂಟು ವರ್ಷ ಜಿದ್ದಾದಲ್ಲಿ ದುಡಿದವರು. ಅಷ್ಟು ಹೊತ್ತು ಸುಮ್ಮನಿದ್ದವರು ಕೇಳಿದ್ದು ಒಂದೇ: "ಕಾರಿನಲ್ಲಿ ಎಷ್ಟು ದಿವಸ ಅಂದೆ?" ಇಪ್ಪತ್ತೆರಡು ಅಂದ. "ನಾವು ಒಟ್ಟು ಎಷ್ಟು ದಿವಸ ಇದ್ದದ್ದು ಹೇಳು ನೋಡುವಾ" ಅಂತ ಒಳಗಿನ ಕಡೆಗೆ ಕೂಗಿದರು. ತಮಾಷೆಗೆ ಕೇಳಿದ್ದು ಅಂತ ನನಗೆ ಕಂಡಿತು. ಅಡುಗೆ ಕೋಣೆಯಿಂದ ಉಮ್ಮ, ಲೆಕ್ಕ ಹಾಕಲು ಒಂದು ಗಳಿಗೆಯೂ ತೆಗೆದುಕೊಳ್ಳದೆ, "ಏಳು ನೂರ ಅರುವತ್ತನಾಲ್ಕು" ಅಂದರು.

ಬಿಟ್ಟು ಬರುವುದರ ಬಗ್ಗೆ ಒಂದು ಮಾತು ಸೇರಿಸಬೇಕು. ಈ ಅಪಲೇಚಿಯನ್ ದಾರಿಯನ್ನು ಒಂಟಿಯಾಗಿ ಪೂರ್ತಿ ನಡೆದ ಮೊದಲ ಹೆಂಗಸು ಎಂದು ಹೆಸರಾದವರು ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಬಟ್ಟೆಯ ಶೂ ಹಾಕಿಕೊಂಡು, ತಾನೇ ಹೊಲಿದ ಚೀಲ ಹೆಗಲಿಗೇರಿಸಿ ಹೋದರು. ಮಕ್ಕಳಿಗೆ, ಸ್ವಲ್ಪ ನಡೆದು ಬರುತ್ತೇನೆ ಅಂತ ಮಾತ್ರ ಹೇಳಿದ್ದರಂತೆ. ಹೆಚ್ಚಿನವರು ಇಷ್ಟನ್ನೇ ಹೇಳುತ್ತಾರೆ. ಹಿಂದಿನ ವರ್ಷ, 1954ರಲ್ಲಿ, ಇದೇ ಅಜ್ಜಿ ಮೇನ್ ಕಡೆಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ಮರಳಿದ್ದರು. ಇದನ್ನು ನನಗೆ ಹೇಳಿದ್ದು ಅವಳು. ಕೊಟ್ಟಿಗೆಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡಿದ್ದಾಗ ಯಾರೋ ಹೇಳಿದ್ದಂತೆ.

ಈಗ ರಂಝಾನ್ ಕಳೆದು ಪೆರ್ನಾಳ್ ಆದ ಮೇಲೆ ಅವಳು ಡೇಲ್‌ವಿಲ್‌ಗೆ ಹೋಗುತ್ತಾಳೆ. ನಿಲ್ಲಿಸಿದ ಆ ಹೆದ್ದಾರಿಯ ಬದಿಯಿಂದಲೇ ಉಳಿದ 2,350 ಕಿಲೋಮೀಟರ್ ನಡೆಯುವುದು. ಅವನಿಗೆ ಹೊಸ ಕೆಲಸ ಸಿಕ್ಕಿದೆ, ಮನೆಯಿಂದಲೇ ಮಾಡುವಂಥದ್ದು. ಲ್ಯಾಪ್‌ಟಾಪ್ ಕಾರಿನಲ್ಲಿಟ್ಟುಕೊಂಡು, ಕಾಲುದಾರಿ ರಸ್ತೆಯನ್ನು ದಾಟುವಲ್ಲೆಲ್ಲ ಮೊದಲೇ ಹೋಗಿ, ಅನ್ನ ಮಾಡಿಟ್ಟು ಕಾಯುತ್ತಾನಂತೆ. ಅಕ್ಟೋಬರ್ ನಡುವಿನೊಳಗೆ ಕಟಾಡಿನ್ ಮುಟ್ಟಬೇಕು, ಆಮೇಲೆ ಅಲ್ಲಿ ಚಳಿಗಾಲ.

ಮೇನ್ ರಾಜ್ಯದಲ್ಲಿ, ಕಟಾಡಿನ್‌ಗೆ ಸ್ವಲ್ಪ ಮೊದಲು, 160 ಕಿಲೋಮೀಟರಿನಷ್ಟು ಉದ್ದದ ಕಾಡು ಉಂಟು. ಡಾಮರು ರಸ್ತೆ ಎಲ್ಲೂ ಅಡ್ಡ ಬರುವುದಿಲ್ಲ, ಹತ್ತು ದಿನದ ಆಹಾರ ಹೊತ್ತುಕೊಂಡೇ ಹೋಗಬೇಕು. ಅಲ್ಲಿ ಏನು ಮಾಡ್ತೀಯ ಅಂತ ಕೇಳಿದೆ. ಹಿಮ್ಮಡಿ ವಾಸಿಯಾಗಿದ್ದರೆ ನಾನೂ ನಡೀತೇನೆ ಎಂದ.

"ಮುಂದೆ ಹೋಗುವ ಹಾಗಿದ್ದರೆ ಕಾರಲ್ಲೇ ಕೂತಿರಿ" ಎಂದಳು ಅವಳು ಬಾಗಿಲಿನಿಂದ.